ಏರ್ ಸ್ಕ್ರೂ ಎಷ್ಟು ಸುತ್ತು?

ಹಳೆ ಬುಲೆಟ್ ಇಟ್ಟುಕೊಂಡ ಇಬ್ಬರು ಎಲ್ಲಾದರೂ ಸೇರಿದರೆ ಮಾತು ಬೇಗ ಕಾರ್ಬೊರೇಟರ್‌ಗೆ, ಅಂದರೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗಕ್ಕೆ ಬರುತ್ತದೆ. ಒಬ್ಬ ಕೇಳುತ್ತಾನೆ, "ನಿಮ್ಮದು ಏರ್ ಸ್ಕ್ರೂ ಎಷ್ಟು ಸುತ್ತು ಇಟ್ಟಿದ್ದೀರಿ?" ಇನ್ನೊಬ್ಬ ತುಂಬಾ ಗೊತ್ತಿರುವವನ ಹಾಗೆ "ಒಂದೂವರೆ" ಅನ್ನುತ್ತಾನೆ. ಕೇಳಿದವನು ಮನೆಗೆ ಹೋಗಿ ತನ್ನದನ್ನೂ ಒಂದೂವರೆ ಸುತ್ತಿಗೆ ಇಡುತ್ತಾನೆ. ಎಂಜಿನ್ ಸ್ಲೋನಲ್ಲಿ ಮೊದಲಿಗಿಂತ ಕೆಟ್ಟದಾಗಿ ನಡೆಯುತ್ತದೆ. ಆಮೇಲೆ ಕಾರ್ಬೊರೇಟರ್ ಸರಿಯಿಲ್ಲ, ಹೊಸದು ಹಾಕಬೇಕು ಅಂತ ಶುರು.

ಆ ಒಂದೂವರೆ ಸುಳ್ಳಲ್ಲ. ಅದು ಹೊರಡುವ ಜಾಗ, ತಲುಪುವ ಜಾಗ ಬೇರೆ. ಎಲ್ಲಿ ತಲುಪುತ್ತೇವೆ ಅನ್ನುವುದನ್ನು ನಾವಿರುವ ಊರಿನ ಎತ್ತರ, ಟ್ಯಾಂಕಿನಲ್ಲಿರುವ ಪೆಟ್ರೋಲ್, ಎಂಜಿನ್ನಿನ ಸವೆತ ಸೇರಿ ತೀರ್ಮಾನ ಮಾಡುತ್ತವೆ. ಮಂಗಳೂರಿನ ಬುಲೆಟ್‌ನ ಲೆಕ್ಕ ಮೂಡಿಗೆರೆಯ ಬುಲೆಟ್‌ಗೆ ಹೊಂದುವುದಿಲ್ಲ. ನಾನಿರುವುದು ಮೂಡಿಗೆರೆ ಕಡೆ. ನನ್ನದು ತೊಂಬತ್ತರ ದಶಕದ 350, ಎರಕದ ಕಬ್ಬಿಣದ ಎಂಜಿನ್, ಪ್ಲಗ್‌ನ ಕಿಡಿಗೆ ಕರೆಂಟ್ ಕಡಿದು ಕೊಡುವ ಪಾಯಿಂಟ್ ಇರುವ ಗಾಡಿ, ಬಲಗಾಲಿಗೆ ಗೇರ್. ಕಾರ್ಬೊರೇಟರ್ ಮಿಕ್‌ಕಾರ್ಬ್ ವಿಎಂ 24. ಈ ಬರಹ ಆ ಕಾರ್ಬೊರೇಟರ್‌ನ ಪಕ್ಕದಲ್ಲಿರುವ ಒಂದು ಚಿಕ್ಕ ಹಿತ್ತಾಳೆ ಸ್ಕ್ರೂ ಬಗ್ಗೆ.

ಮೊದಲು ಅದು ಏನು ಮಾಡುತ್ತದೆ ಅಂತ ನೋಡೋಣ. ಗಾಡಿ ಸ್ಲೋನಲ್ಲಿ ನಿಂತಿರುವಾಗ, ಅಂದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ, ಕಾರ್ಬೊರೇಟರ್‌ನಲ್ಲಿ ಗಾಳಿಯ ದಾರಿ ಮುಚ್ಚಿ ತೆರೆಯುವ ಸ್ಲೈಡ್ ಹೆಚ್ಚುಕಡಿಮೆ ಪೂರ್ತಿ ಕೆಳಗಿಳಿದಿರುತ್ತದೆ. ಗಾಳಿ ಹೋಗಲು ಒಂದು ಸಣ್ಣ ಸಂದು ಮಾತ್ರ. ಅಷ್ಟು ಕಮ್ಮಿ ಗಾಳಿ, ಓಡುವಾಗ ಪೆಟ್ರೋಲ್ ಕೊಡುವ ಮೇನ್ ಜೆಟ್‌ನಿಂದ ಪೆಟ್ರೋಲ್ ಎಳೆಯಲಾರದು. ಹಾಗಾಗಿ ಸ್ಲೋಗೆ ಅಂತಲೇ ಬೇರೆ ದಾರಿ ಇದೆ. ಕೆಳಗಿನ ಬಟ್ಟಲಿನಿಂದ ಪೈಲಟ್ ಜೆಟ್ ಅನ್ನುವ ಕೂದಲೆಳೆಯಷ್ಟು ಸಣ್ಣ ತೂತಿನ ಮೂಲಕ ಪೆಟ್ರೋಲ್ ಮೇಲೆ ಬರುತ್ತದೆ. ದಾರಿಯಲ್ಲಿ ಒಂದಿಷ್ಟು ಗಾಳಿ ಅದಕ್ಕೆ ಸೇರಿಕೊಳ್ಳುತ್ತದೆ. ಆ ನೊರೆ ಸ್ಲೈಡ್‌ನ ಪಕ್ಕ ಎಂಜಿನ್ ಕಡೆಗಿರುವ ಸಣ್ಣ ತೂತಿನಿಂದ ಹೊರಗೆ ಬೀಳುತ್ತದೆ. ಎಷ್ಟು ಗಾಳಿ ಸೇರಬೇಕು ಅಂತ ಹೇಳುವುದೇ ಏರ್ ಸ್ಕ್ರೂ. ಒಳಗೆ ತಿರುಗಿಸಿದರೆ ಗಾಳಿ ಕಮ್ಮಿ, ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ. ಹೊರಗೆ ತಿರುಗಿಸಿದರೆ ಗಾಳಿ ಜಾಸ್ತಿ, ಮಿಶ್ರಣ ತೆಳು.

ಅದರ ಪಕ್ಕದಲ್ಲೇ ಇನ್ನೊಂದು ಸ್ಕ್ರೂ ಇದೆ, ಸ್ವಲ್ಪ ದೊಡ್ಡದು. ಅದು ಸ್ಲೈಡ್ ಎಷ್ಟು ಕೆಳಗಿಳಿಯಬೇಕು ಅಂತ ತಡೆಯುವ ಸ್ಲೋ ಸ್ಕ್ರೂ. ಸ್ಲೋ ಏರಿಸುವುದು, ಇಳಿಸುವುದು ಅದರ ಕೆಲಸ. ಒಂದು ವೇಗಕ್ಕೆ, ಇನ್ನೊಂದು ಮಿಶ್ರಣಕ್ಕೆ. ಆದರೆ ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ. ಅದಕ್ಕೇ ಎರಡನ್ನೂ ಸರದಿಯಲ್ಲಿ ತಿರುಗಿಸಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಕಾರ್ಬೊರೇಟರ್‌ನಲ್ಲೂ ಒಳಗೆ ಅಂದರೆ ಪೆಟ್ರೋಲ್ ಜಾಸ್ತಿ ಅಂತ ಇಲ್ಲ. ಬುಲೆಟ್‌ನ ಮಿಕ್‌ಕಾರ್ಬ್, ಆರ್‌ಎಕ್ಸ್ 100ರ ಮಿಕುನಿ ತರಹದವುಗಳಲ್ಲಿ ಸ್ಕ್ರೂ ಇರುವುದು ಏರ್ ಫಿಲ್ಟರ್ ಕಡೆಗೆ. ಅದು ಗಾಳಿಯನ್ನು ಹಿಡಿಯುತ್ತದೆ. ಪ್ರೀಮಿಯರ್ ಪದ್ಮಿನಿಯ ಸೋಲೆಕ್ಸ್‌ನಂಥವುಗಳಲ್ಲಿ ಸ್ಕ್ರೂ ಎಂಜಿನ್ ಕಡೆ, ಬುಡದಲ್ಲಿ ಇರುತ್ತದೆ. ಅಲ್ಲಿ ಅದು ಪೆಟ್ರೋಲ್ ಬೆರೆತ ಮಿಶ್ರಣವನ್ನೇ ಹಿಡಿಯುತ್ತದೆ. ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಪೂರ್ತಿ ಉಲ್ಟಾ. ಎಸ್‌ಯು ಕಾರ್ಬೊರೇಟರ್ ಇದ್ದ ಅಂಬಾಸಡರ್‌ಗಳದ್ದು ಮತ್ತೊಂದು ಕಥೆ. ಅಲ್ಲಿ ಕೆಳಗಿನ ನಟ್ ತಿರುಗಿಸಿದರೆ ಜೆಟ್ಟೇ ಮೇಲೆ ಕೆಳಗೆ ಆಗುತ್ತದೆ, ಸ್ಲೋ ಮಾತ್ರ ಅಲ್ಲ, ಇಡೀ ಓಟದ ಮಿಶ್ರಣ ಬದಲಾಗುತ್ತದೆ. ಆದ್ದರಿಂದ ಯಾರಾದರೂ "ಅರ್ಧ ಸುತ್ತು ಟೈಟ್ ಮಾಡು, ಸರಿ ಹೋಗುತ್ತೆ" ಅಂದರೆ ಯಾವ ಗಾಡಿ ಅಂತ ಮೊದಲು ಕೇಳಿ.

ಈಗ ನನ್ನ ಮುಖ್ಯ ದೂರು. ಸ್ಲೋ ನಿಲ್ಲದಿದ್ದರೆ ಎಲ್ಲರ ಕೈ ಮೊದಲು ಹೋಗುವುದು ಏರ್ ಸ್ಕ್ರೂಗೆ. ಯಾಕೆಂದರೆ ಅದು ಹೊರಗೇ ಇದೆ, ಸ್ಕ್ರೂ ಡ್ರೈವರ್ ಸಾಕು, ಏನೂ ಬಿಚ್ಚಬೇಕಾಗಿಲ್ಲ. ಕೈಗೆ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲ ತಪ್ಪೂ ಅದರ ತಲೆಗೆ. ನಮ್ಮ ಕಡೆಯ ಹಳೆ ಮೆಕ್ಯಾನಿಕ್ ಒಬ್ಬರ ಹತ್ತಿರ ಸ್ಲೋ ನಿಲ್ಲುತ್ತಿಲ್ಲ ಅಂತ ಹೋದರೆ ಅವರು ಕಾರ್ಬೊರೇಟರ್ ಕಡೆ ತಿರುಗಿಯೂ ನೋಡುವುದಿಲ್ಲ.

"ಟ್ಯಾಪೆಟ್ ಯಾವಾಗ ನೋಡಿದ್ದು ಸಾರ್?"

"ಕಾರ್ಬೊರೇಟರ್ ಇರಬಹುದೇನೋ ಅಂತ ಬಂದೆ."

"ಅದು ಓಡಿ ಹೋಗಲ್ಲ, ಅಲ್ಲೇ ಇರುತ್ತೆ. ಮೊದ್ಲು ಟ್ಯಾಪೆಟ್, ಆಮೇಲೆ ಪಾಯಿಂಟ್. ಅವೆರಡು ಸರಿಯಿದ್ರೆ ಕಾರ್ಬೊರೇಟರ್ ಮಾತಾಡಣ."

ಅವರು ಹೇಳುವುದು ಸರಿ. ಟ್ಯಾಪೆಟ್ ನೋಡುವುದು ಅಂದರೆ ವಾಲ್ವ್ ತೆರೆಯುವ ಪುಶ್ ರಾಡ್ ಎಷ್ಟು ಸಡಿಲವಿದೆ ಅಂತ ನೋಡುವುದು. ಎರಕದ ಎಂಜಿನ್ನಿನ ಬುಲೆಟ್‌ನಲ್ಲಿ ಅದನ್ನು ನೋಡಬೇಕಾಗಿರುವುದು ಎಂಜಿನ್ ತಣ್ಣಗಿರುವಾಗ. ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಇದು ಬಿಗಿಯಾಗಿದ್ದರೆ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತಣ್ಣಗಿರುವಾಗ ಚೆನ್ನಾಗಿ ನಿಲ್ಲುವ ಗಾಡಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಅದನ್ನು ಯಾವ ಸ್ಕ್ರೂ ತಿರುಗಿಸಿದರೂ ಸರಿ ಮಾಡಲು ಆಗದು. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಬೇಕು, ಮುಖ ಸುಟ್ಟು ಗುಳಿ ಬಿದ್ದಿರಬಾರದು.

ಇವೆರಡರ ನಂತರ ಗಾಳಿ ಸೋರಿಕೆ. ಕಾರ್ಬೊರೇಟರ್‌ಗೂ ಎಂಜಿನ್ ಹೆಡ್‌ಗೂ ನಡುವಿನ ಜಾಗದಲ್ಲಿ ಪ್ಯಾಕಿಂಗ್ ಸವೆದಿದ್ದರೆ ಅಲ್ಲಿಂದ ಕಳ್ಳ ಗಾಳಿ ಒಳಗೆ ನುಗ್ಗುತ್ತದೆ. ಓಡುವಾಗ ಗೊತ್ತಾಗುವುದಿಲ್ಲ, ಆಗ ಗಾಳಿ ಹೇಗೂ ಬೇಕಾದಷ್ಟು ಹೋಗುತ್ತಿರುತ್ತದೆ. ಸ್ಲೋನಲ್ಲಿ ಆ ಚೂರು ಗಾಳಿಯೇ ದೊಡ್ಡದಾಗಿಬಿಡುತ್ತದೆ. ಗಾಡಿ ಸ್ಲೋನಲ್ಲಿದ್ದಾಗ ಆ ಜೋಡಣೆಯ ಮೇಲೆ ಸ್ವಲ್ಪ ಡಬ್ಲ್ಯುಡಿ 40 ಹೊಡೆದು ನೋಡಿ. ಎಂಜಿನ್ ಸದ್ದು ಬದಲಾದರೆ ಅಲ್ಲಿ ಸೋರಿಕೆ ಇದೆ. ಕೆಲವರು ಪೆಟ್ರೋಲ್ ಹನಿಸಿ ನೋಡುತ್ತಾರೆ. ಬಿಸಿ ಸೈಲೆನ್ಸರ್ ಅಷ್ಟು ಹತ್ತಿರ ಇರುವಾಗ ಅದು ಬೇಡ. ಮತ್ತೊಂದು, ಹಳೆ ಕಾರ್ಬೊರೇಟರ್‌ಗಳ ಸ್ಲೈಡ್ ಮತ್ತು ಅದು ಓಡಾಡುವ ಜಾಗ ಎರಡೂ ಸವೆದಿರುತ್ತವೆ. ಅಲ್ಲಿಂದಲೂ ಗಾಳಿ ಸೋರುತ್ತದೆ. ಸ್ಲೈಡ್ ಹಿಡಿದು ಅಲ್ಲಾಡಿಸಿದರೆ ಟಕಟಕ ಅಂದರೆ ಸ್ಲೋ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಆ ಹಂತದಲ್ಲಿ ಹೊಸ ಕಾರ್ಬೊರೇಟರ್ ಮಾತು ನ್ಯಾಯವೇ.

ಇಷ್ಟೆಲ್ಲ ನೋಡಿ ಆದ ಮೇಲೆ ಸ್ಕ್ರೂ ಡ್ರೈವರ್ ತೆಗೆದುಕೊಳ್ಳಿ.

ಎಂಜಿನ್ ಆಫ್ ಇರುವಾಗಲೇ ಏರ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸಿ, ತಳ ತಾಕುವವರೆಗೆ. "ಮೆಲ್ಲಗೆ" ಅನ್ನುವುದನ್ನು ಎರಡು ಸಲ ಓದಿಕೊಳ್ಳಿ. ಅದರ ತುದಿ ಮೊನಚು. ಬಿಗಿದರೆ ತುದಿಯಲ್ಲಿ ಒಂದು ಉಂಗುರದಂಥ ಗಾಯ ಆಗುತ್ತದೆ, ಕೂರುವ ಜಾಗವೂ ಹಾಳಾಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಎಂಜಿನ್ ಉತ್ತರ ಕೊಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಈ ಸ್ಕ್ರೂ ಬಿಚ್ಚಿ ತುದಿ ನೋಡಬೇಕು ಅಂತ ನನ್ನ ಅಭಿಪ್ರಾಯ. ಹಿಂದಿನ ಮಾಲೀಕನ ಕೈ ಎಂಥದ್ದು ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ತಳ ತಾಕಿದ ಮೇಲೆ ಒಂದೂವರೆ ಸುತ್ತು ಹೊರಗೆ ತನ್ನಿ. ಆ ಪ್ರಸಿದ್ಧ ಒಂದೂವರೆಯ ಉಪಯೋಗ ಇಷ್ಟೇ.

ಈಗ ಗಾಡಿ ಓಡಿಸಿಕೊಂಡು ಬನ್ನಿ. ನಿಲ್ಲಿಸಿಟ್ಟು ಬಿಸಿ ಮಾಡಿದರೆ ಆಗದು. ಹತ್ತು ಹನ್ನೆರಡು ಕಿಲೋಮೀಟರ್ ಓಡಿ ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಚೋಕ್ ಬಿಟ್ಟಿರಬೇಕು. ಬಯಲಲ್ಲಿ ನಿಲ್ಲಿಸಿ. ಮಲೆನಾಡಿನ ಮಳೆಗಾಲದಲ್ಲಿ ಬಯಲು ಅನ್ನುವುದು ದೊಡ್ಡ ಮಾತು, ನಿಜ. ಶೆಡ್‌ನಲ್ಲೇ ಮಾಡಬೇಕಾದರೆ ಬಾಗಿಲು ಎರಡೂ ತೆಗೆದಿಡಿ. ಸ್ಲೋನಲ್ಲಿರುವ ಹಳೆ ಎಂಜಿನ್ ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಸ್ಲೋ ಸ್ಕ್ರೂನಿಂದ ವೇಗವನ್ನು ಮಾಮೂಲಿಗಿಂತ ಸ್ವಲ್ಪ ಏರಿಸಿ. ಈಗ ಏರ್ ಸ್ಕ್ರೂವನ್ನು ಕಾಲು ಸುತ್ತು ಹೊರಗೆ. ಕಾಯಿರಿ. ಈ ಕಾಯುವುದೇ ಜನರಿಗೆ ಆಗದ ಕೆಲಸ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 900 ಸುತ್ತು ತಿರುಗುವ ನಾಲ್ಕು ಸ್ಟ್ರೋಕ್‌ನ ಒಂಟಿ ಸಿಲಿಂಡರ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಅಂದರೆ ನಿಮಿಷಕ್ಕೆ 450 ಸಲ, ಸೆಕೆಂಡಿಗೆ ಏಳೂವರೆ. ಬದಲಾದ ಮಿಶ್ರಣ ದಾರಿ ಹಿಡಿದು ಬಂದು, ಹಳೆಯದು ಖಾಲಿಯಾಗಿ, ಆ ಭಾರದ ಫ್ಲೈವೀಲ್ ಹೊಸ ವೇಗಕ್ಕೆ ಬಂದು ನಿಲ್ಲಲು ಕೆಲವು ಸೆಕೆಂಡು ಬೇಕೇ ಬೇಕು. ತಿರುಗಿಸಿದ ಕೂಡಲೇ ಕಿವಿ ಕೇಳುವುದು ಹಳೆ ಮಿಶ್ರಣದ ಸದ್ದನ್ನು.

ಹಳೆ ರೇಡಿಯೋದಲ್ಲಿ ಸ್ಟೇಷನ್ ಹುಡುಕುತ್ತಿದ್ದೆವಲ್ಲ, ಹಾಗೇ ಇದು. ಸ್ಟೇಷನ್ ಸಿಕ್ಕ ಕೂಡಲೇ ನಿಲ್ಲಿಸದೆ ಸ್ವಲ್ಪ ದಾಟಿ ಹೋಗಬೇಕು, ಮತ್ತೆ ವಾಪಸ್ ಬರಬೇಕು. ಆಗಲೇ ನಡು ಎಲ್ಲಿದೆ ಅಂತ ಗೊತ್ತಾಗುವುದು. ಹೊರಗೆ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ವೇಗ ಏರಿ, ಆಮೇಲೆ ಎಂಜಿನ್ ತಡವರಿಸುತ್ತದೆ. ಎರಡು ಹೊಡೆತದ ನಡುವೆ ಒಂದು ಬಿಟ್ಟುಹೋಗುತ್ತದೆ, ಒಮ್ಮೊಮ್ಮೆ ಕಾರ್ಬೊರೇಟರ್ ಕಡೆಯಿಂದ ಫುಸ್ ಅಂತ ಸೀನುತ್ತದೆ. ಅದು ತೆಳು. ಒಳಗೆ ತಿರುಗಿಸುತ್ತ ಬಂದರೆ ಸದ್ದು ಮಂದವಾಗುತ್ತದೆ, ಗುಡುಗುಡು ಅನ್ನುತ್ತ ಭಾರವಾಗುತ್ತದೆ, ಸೈಲೆನ್ಸರ್ ಹಿಂದೆ ನಿಂತರೆ ಕಣ್ಣು ಉರಿಯುತ್ತದೆ. ಅದು ದಟ್ಟ. ಇವೆರಡರ ನಡುವೆ ವೇಗ ಅತಿ ಹೆಚ್ಚು ಇರುವ ಜಾಗ ನಮಗೆ ಬೇಕು. ಸಿಕ್ಕ ಮೇಲೆ ಸ್ಲೋ ಸ್ಕ್ರೂನಿಂದ ವೇಗ ಇಳಿಸಿ, ಇನ್ನೊಮ್ಮೆ ಏರ್ ಸ್ಕ್ರೂ ನೋಡಿ. ಈ ಸಲ ಕಾಲು ಸುತ್ತು ಬೇಡ, ಅದರ ಅರ್ಧ ಸಾಕು.

ಕೊನೆಗೆ ಅತಿ ಹೆಚ್ಚು ವೇಗದ ಜಾಗದಿಂದ ಒಂದು ಚೂರು ಒಳಗೆ. ಇದಕ್ಕೆ ಕಾರಣ ಇದೆ. ಪುಸ್ತಕದ ಪ್ರಕಾರ 14.7 ಭಾಗ ಗಾಳಿಗೆ ಒಂದು ಭಾಗ ಪೆಟ್ರೋಲ್, ತೂಕದ ಲೆಕ್ಕದಲ್ಲಿ. ಆದರೆ ಸ್ಲೋನಲ್ಲಿ ಸಿಲಿಂಡರ್ ಒಳಗೆ ಹಿಂದಿನ ಹೊಡೆತದ ಹೊಗೆ ಸುಮಾರು ಉಳಿದುಕೊಂಡಿರುತ್ತದೆ, ಗಾಳಿ ನಿಧಾನ, ಪೆಟ್ರೋಲ್ ಸರಿಯಾಗಿ ಬೆರೆತಿರುವುದಿಲ್ಲ. ಅದಕ್ಕೆ ಎಂಜಿನ್ ಸ್ವಲ್ಪ ದಟ್ಟ ಕೇಳುತ್ತದೆ, 13ರಿಂದ 13.5ರ ಆಸುಪಾಸು. ಜೊತೆಗೆ ಪೂರ್ತಿ ತುದಿಯಲ್ಲಿ ಬಿಟ್ಟರೆ ಗೇರ್ ಹಾಕಿ ಕ್ಲಚ್ ಬಿಡುವಾಗ ಗಾಡಿ ಕೆಮ್ಮಿ ಆಫ್ ಆಗುತ್ತದೆ. ಪರೀಕ್ಷೆ ಸುಲಭ. ಆಕ್ಸಿಲರೇಟರ್ ಫಟ್ ಅಂತ ತಿರುಗಿಸಿ ಬಿಡಿ. ತಡವರಿಸದೆ ಏರಿ, ಇಳಿದು, ಅದೇ ಸ್ಲೋಗೆ ಬಂದು ನಿಂತರೆ ಮುಗಿಯಿತು.

ಇಷ್ಟು ಮಾಡಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಅದನ್ನು ಹೆಚ್ಚಿನವರು ಮಾಡುವುದಿಲ್ಲ. ಸ್ಕ್ರೂ ಈಗ ಎಷ್ಟು ಸುತ್ತು ಹೊರಗಿದೆ ಅಂತ ಎಣಿಸಿ ನೋಡುವುದು. ಎಂಜಿನ್ ಆಫ್ ಮಾಡಿ, ಮೆಲ್ಲಗೆ ಒಳಗೆ ತಿರುಗಿಸುತ್ತ ಎಣಿಸಿ, ಮತ್ತೆ ಅದೇ ಜಾಗಕ್ಕೆ ತನ್ನಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಅತಿ ಬೆಲೆಯ ವಿಷಯ.

ಒಂದು ಸುತ್ತಿನಿಂದ ಎರಡೂವರೆ ಸುತ್ತಿನ ಒಳಗೆ ನಿಂತಿದ್ದರೆ ಎಲ್ಲ ಸರಿ. ಮುಕ್ಕಾಲು ಸುತ್ತಿಗಿಂತಲೂ ಕಮ್ಮಿ ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿಯ ಬಾಗಿಲು ಮುಚ್ಚಿ ಹೇಗೋ ಸರಿದೂಗಿಸಿಕೊಳ್ಳುತ್ತಿದೆ. ಪೈಲಟ್ ಜೆಟ್ ಅರ್ಧ ಕಟ್ಟಿಕೊಂಡಿರಬಹುದು, ಎಲ್ಲೋ ಗಾಳಿ ಸೋರುತ್ತಿರಬಹುದು, ಇಲ್ಲ ಜೆಟ್ಟೇ ಚಿಕ್ಕದಿರಬಹುದು. ಮೂರು ಸುತ್ತು ಹೊರಗೆ ಬಂದರೂ ಇನ್ನೂ ಗಾಳಿ ಬೇಕು ಅನ್ನುತ್ತಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ. ಜೆಟ್ ದೊಡ್ಡದು, ಇಲ್ಲವೇ ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಮೇಲಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿರುವುದೂ ಉಂಟು. ಎಷ್ಟು ತಿರುಗಿಸಿದರೂ ಸದ್ದೇ ಬದಲಾಗಲಿಲ್ಲ ಅಂದರೆ ಪೈಲಟ್ ದಾರಿ ಪೂರ್ತಿ ಬಂದ್, ಇಲ್ಲವೇ ಸ್ಲೋ ಸ್ಕ್ರೂ ಸ್ಲೈಡನ್ನು ಅಷ್ಟು ಮೇಲೆತ್ತಿದೆ ಅಂದರೆ ಎಂಜಿನ್ ಬೇರೆ ದಾರಿಯ ಪೆಟ್ರೋಲ್ ಕುಡಿಯುತ್ತಿದೆ. ಒಂದು ಚಿಕ್ಕ ಸ್ಕ್ರೂ ಇಷ್ಟು ಹೇಳುತ್ತದೆ. ನಾವು ಮಾತ್ರ ಅದನ್ನು ತಿರುಗಿಸಿ, ಸದ್ದು ಚೆನ್ನಾಗಿ ಬಂದರೆ ಕೈ ಒರೆಸಿಕೊಂಡು ಎದ್ದುಬಿಡುತ್ತೇವೆ.

ನಮ್ಮ ಕಡೆ ಪೈಲಟ್ ಜೆಟ್ ಕಟ್ಟಿಕೊಳ್ಳುವುದು ಹೆಚ್ಚಾಗಿ ಮಳೆಗಾಲ ಮುಗಿದ ಮೇಲೆ. ಜೂನ್‌ನಿಂದ ಗಾಡಿ ಮೂಲೆ ಸೇರಿರುತ್ತದೆ. ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಈಗಿನ ಪೆಟ್ರೋಲ್‌ನಲ್ಲಿರುವ ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಜುಲೈ ಗಾಳಿಯಲ್ಲಿ ತೇವಕ್ಕೆ ಬರವೇ? ಬಟ್ಟಲಿನ ತಳದಲ್ಲಿ ಬಿಳಿ ಪುಡಿಯಂಥದ್ದು ಕೂತಿರುತ್ತದೆ. ಜೆಟ್ ಬಿಚ್ಚಿ ಕಾರ್ಬೊರೇಟರ್ ಕ್ಲೀನರ್ ಹೊಡೆದು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ ಕಾಣಬೇಕು. ಸೂಜಿ, ತಂತಿ ಹಾಕಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಆ ಜೆಟ್ ಮೇಲೆ ಬರೆದಿರುವ ನಂಬರ್‌ಗೆ ಅರ್ಥವಿಲ್ಲ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಲು ಬಿಟ್ಟರೆ ಬಟ್ಟಲು ಹೆಚ್ಚುಕಡಿಮೆ ಖಾಲಿಯಾಗುತ್ತದೆ. ತಳದಲ್ಲಿ ಉಳಿದಿದ್ದನ್ನೂ ಇಳಿಸಿಬಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಘಾಟಿಯ ವಿಷಯ. ನನಗೆ ಈ ಸ್ಕ್ರೂ ಮೇಲೆ ಆಸಕ್ತಿ ಹುಟ್ಟಿದ್ದೇ ಚಾರ್ಮಾಡಿಯಿಂದ. ಮಂಗಳೂರು ಕಡೆ ಚೆನ್ನಾಗಿ ಟ್ಯೂನ್ ಮಾಡಿಸಿಕೊಂಡ ಗಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸುವ ಹೊತ್ತಿಗೆ ಗುಡುಗುಡು ಅನ್ನುತ್ತಿರುತ್ತದೆ. ಮೇಲೆ ಗಾಳಿ ತೆಳು. ಸಮುದ್ರ ಮಟ್ಟಕ್ಕೆ ಹೋಲಿಸಿದರೆ 1000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 9ರಷ್ಟು ಕಮ್ಮಿ. ಮುಳ್ಳಯ್ಯನಗಿರಿಯ ತುದಿ ಸುಮಾರು 1930 ಮೀಟರ್, ಅಲ್ಲಿ ಶೇ. 17ರಷ್ಟು ಕಮ್ಮಿ. ಕಾರ್ಬೊರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಗಾಳಿ ತೆಳುವಾದಾಗ ಪೆಟ್ರೋಲ್ ಎಳೆಯುವ ಶಕ್ತಿಯೂ ಕಮ್ಮಿಯಾಗುತ್ತದೆ, ಆದರೆ ಗಾಳಿ ಕಮ್ಮಿಯಾದಷ್ಟು ಪೆಟ್ರೋಲ್ ಕಮ್ಮಿಯಾಗುವುದಿಲ್ಲ. ಅದು ವರ್ಗಮೂಲದ ಲೆಕ್ಕ. ಹಾಗಾಗಿ ಮೂಡಿಗೆರೆ ಎತ್ತರದಲ್ಲಿ ಮಿಶ್ರಣ ಸರಿಸುಮಾರು ಶೇ. 5ರಷ್ಟು ದಟ್ಟವಾಗುತ್ತದೆ, ಮುಳ್ಳಯ್ಯನಗಿರಿಯಲ್ಲಿ ಶೇ. 10ರಷ್ಟು. ಸ್ಲೋನಲ್ಲಿ ಕರಾರುವಾಕ್ಕಾಗಿ ಇಷ್ಟೇ ಅಂತ ಅಲ್ಲ, ಆದರೆ ಯಾವ ಕಡೆಗೆ, ಹೆಚ್ಚುಕಡಿಮೆ ಎಷ್ಟು ಅಂತ ತಿಳಿಯಲು ಸಾಕು. ಮೇಲೆ ಹತ್ತಿದವರು ಸ್ಕ್ರೂ ಸ್ವಲ್ಪ ಹೊರಗೆ ತಿರುಗಿಸಬೇಕು, ಕೆಳಗೆ ಇಳಿದವರು ಒಳಗೆ. ಒಂದು ದಿನದ ಪ್ರವಾಸಕ್ಕೆ ಯಾರೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ.

ಇದಕ್ಕೆ ಈಗ ಇ20 ಪೆಟ್ರೋಲ್ ಬಂದು ಸೇರಿದೆ. 2023ರ ಫೆಬ್ರವರಿ 6ರಂದು ಅದರ ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಅದೇ. ಐದನೇ ಒಂದು ಭಾಗ ಎಥೆನಾಲ್. ಎಥೆನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಉರಿಯಲು ಅದಕ್ಕೆ ಕಮ್ಮಿ ಗಾಳಿ ಸಾಕು. ಬರೀ ಪೆಟ್ರೋಲ್‌ಗೆ 14.7 ಭಾಗ ಗಾಳಿ ಬೇಕಾದರೆ ಬರೀ ಎಥೆನಾಲ್‌ಗೆ ಸುಮಾರು 9 ಸಾಕು. ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಸುಮಾರು ಶೇ. 9ರಷ್ಟು ಹೆಚ್ಚು ಇಂಧನ ಬೇಕು. ಬರೀ ಪೆಟ್ರೋಲ್‌ಗೆ ಅಂತ ಜೆಟ್ ಹಾಕಿದ ನನ್ನ ಗಾಡಿಗೆ ಇದು ಗೊತ್ತಿಲ್ಲ. ಅದು ಮೊದಲಿನಷ್ಟೇ ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ.

ಇಲ್ಲೊಂದು ತಮಾಷೆ ಇದೆ. ಎತ್ತರ ನನ್ನ ಗಾಡಿಯ ಮಿಶ್ರಣವನ್ನು ಶೇ. 5ರಷ್ಟು ದಟ್ಟ ಮಾಡುತ್ತದೆ, ಇ20 ಶೇ. 9ರಷ್ಟು ತೆಳು ಮಾಡುತ್ತದೆ. ಎರಡೂ ಸೇರಿ ಒಂದನ್ನೊಂದು ಬಹುಪಾಲು ಹೊಡೆದುಹಾಕುತ್ತವೆ. ಮೂಡಿಗೆರೆ, ಚಿಕ್ಕಮಗಳೂರು, ಮಡಿಕೇರಿ ಕಡೆಯ ಹಳೆ ಗಾಡಿಯವರು "ಇ20ಯಿಂದ ನಮಗೇನೂ ಆಗಿಲ್ಲ" ಅನ್ನುವುದಕ್ಕೂ, ಕರಾವಳಿಯವರು "ಸ್ಲೋನೇ ನಿಲ್ಲಲ್ಲ ಮಾರಾಯ್ರೆ" ಅನ್ನುವುದಕ್ಕೂ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ. ಮಂಗಳೂರಿನಲ್ಲಿ ಆ ಶೇ. 9 ಪೂರ್ತಿ ಮೈಮೇಲೆ ಬರುತ್ತದೆ. ಅಲ್ಲಿ ಸ್ಕ್ರೂ ಒಳಗೆ ಹೋಗಬೇಕು. ಮೊದಲೇ ಒಂದು ಸುತ್ತಿನ ಹತ್ತಿರ ಇದ್ದ ಗಾಡಿಯಾದರೆ ಒಳಗೆ ಹೋಗಲು ಜಾಗವೇ ಉಳಿದಿರುವುದಿಲ್ಲ, ಒಂದು ನಂಬರ್ ದೊಡ್ಡ ಪೈಲಟ್ ಜೆಟ್ ಹಾಕಬೇಕಾಗುತ್ತದೆ. ಹಾಗಂತ ಮಲೆನಾಡಿನವರು ನೆಮ್ಮದಿಯಿಂದ ಇರುವ ಹಾಗಿಲ್ಲ. ಮಿಶ್ರಣ ಸರಿದೂಗಿದರೂ ಹಳೆ ರಬ್ಬರ್ ಓ ರಿಂಗು, ಪೈಪು, ಕಾಕ್‌ನ ವಾಷರ್‌ಗಳ ಮೇಲೆ ಎಥೆನಾಲ್ ಮಾಡುವ ಕೆಲಸ ಎತ್ತರ ನೋಡಿ ನಿಲ್ಲುವುದಿಲ್ಲ.

ಬುಲೆಟ್‌ನವರಿಗೆ ಮಾತ್ರ ಇರುವ ಒಂದು ಚಟದ ಬಗ್ಗೆ ಹೇಳದಿದ್ದರೆ ಆಗದು. ಸ್ಲೋ ಇಳಿಸುವ ಚಟ. ದಡ್... ದಡ್... ದಡ್ ಅಂತ ಒಂದೊಂದು ಹೊಡೆತ ಎಣಿಸುವ ಹಾಗಿರಬೇಕು. ನೋಡಲು, ಕೇಳಲು ಚೆಂದವೇ, ಇಲ್ಲ ಅನ್ನಲ್ಲ. ಆದರೆ ಆ ಎಂಜಿನ್ನಿನ ಆಯಿಲ್ ಪಂಪ್ ನಡೆಯುವುದು ಎಂಜಿನ್ನಿನ ವೇಗಕ್ಕೆ ತಕ್ಕಂತೆ. ಸ್ಲೋ ಇಳಿದಷ್ಟೂ ಆಯಿಲ್ ಕಮ್ಮಿ. ಹೆಡ್‌ಲೈಟ್ ಹಾಕಿ ಅದರ ಮೇಲ್ಗಡೆಯ ಆಮ್ಮೀಟರ್ ನೋಡಿ, ಮುಳ್ಳು ಮೈನಸ್ ಕಡೆ ವಾಲಿರುತ್ತದೆ. ಚಾರ್ಜ್ ಆಗುವ ಬದಲು ಬ್ಯಾಟರಿ ಖಾಲಿಯಾಗುತ್ತಿದೆ ಅಂತ ಅರ್ಥ. ಅಷ್ಟು ಕೆಳಗೆ ನಿಲ್ಲಿಸಲು ಕೆಲವರು ಕಿಡಿಯ ಟೈಮಿಂಗ್ ಹಿಂದಕ್ಕೆ ಹಾಕಿ, ಮಿಶ್ರಣ ದಟ್ಟ ಮಾಡಿ ಸಾಹಸ ಮಾಡುತ್ತಾರೆ. ಘಾಟಿ ಹತ್ತುವಾಗ ಗಾಡಿ ಬಿಸಿಯಾಗಿ ಏದುಸಿರು ಬಿಡುತ್ತದೆ. ಸಾವಿರದ ಆಸುಪಾಸಿನ ಸ್ಲೋ ಸಾಕು. ಚೆಂದ ಸ್ವಲ್ಪ ಕಮ್ಮಿ, ಬಾಳಿಕೆ ಜಾಸ್ತಿ.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಕಣ್ಮರೆಯಾಯಿತು. ಬುಲೆಟ್‌ಗೂ ಪೆಟ್ರೋಲ್ ಇಂಜೆಕ್ಷನ್ ಬಂತು. ನಾನು ಅದನ್ನು ಬೈಯುವವನಲ್ಲ. ನಾನು ಸ್ಕ್ರೂ ಡ್ರೈವರ್ ಹಿಡಿದು ಅರ್ಧ ಗಂಟೆ ಮಾಡುವ ಕೆಲಸವನ್ನು ಅದು ಓಡುತ್ತಿರುವಾಗಲೇ ಮಾಡಿಕೊಳ್ಳುತ್ತದೆ. ಸೈಲೆನ್ಸರ್‌ನಲ್ಲಿ ಕೂತ ಸೆನ್ಸರ್ ಆಮ್ಲಜನಕ ನೋಡಿ ಹೇಳುತ್ತದೆ, ಪೆಟ್ರೋಲ್ ಹೆಚ್ಚುಕಮ್ಮಿ ಆಗುತ್ತದೆ. ಚಾರ್ಮಾಡಿ ಹತ್ತಿದರೂ ಇಳಿದರೂ ಅದರ ಸದ್ದು ಅದೇ. ಆದರೆ ಹಳೆ ಗಾಡಿಗಳು ಇನ್ನೂ ಬೇಕಾದಷ್ಟಿವೆ. ಅವುಗಳ ಸದ್ದು ಕೇಳಿ ಹೇಳುವ ಮೆಕ್ಯಾನಿಕ್‌ಗಳಿಗೆ ವಯಸ್ಸಾಗುತ್ತಿದೆ. ಅವರ ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರು ಸ್ಕ್ಯಾನರ್ ಕಲಿಯುತ್ತಿದ್ದಾರೆ, ಅದು ಸರಿಯೂ ಹೌದು. ಹಾಗಾಗಿ ಹಳೆ ಗಾಡಿ ಇಟ್ಟುಕೊಂಡವರು ಇಷ್ಟನ್ನಾದರೂ ತಾವೇ ಕಲಿತುಕೊಳ್ಳುವುದು ಒಳ್ಳೆಯದು.

ಕಿವಿಯ ಮೇಲೆ ನಂಬಿಕೆ ಸಾಲದವರಿಗೆ ಒಂದು ಉಪಾಯ ಇದೆ. ಎಮಿಷನ್ ಟೆಸ್ಟ್. ಅಲ್ಲಿ ಅಳೆಯುವುದೇ ಸ್ಲೋನಲ್ಲಿ, ಅಂದರೆ ಈ ಸ್ಕ್ರೂವಿನ ಕೆಲಸವನ್ನೇ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 4.5, ಆಮೇಲಿನ ಹಳೆ ಬೈಕ್‌ಗಳಿಗೆ 3.5. ಟೆಸ್ಟ್‌ಗೆ ಮುಂಚೆ ಸ್ಕ್ರೂ ಅರ್ಧ ಸುತ್ತು ಬಿಚ್ಚಿ, ಚೀಟಿ ಬಂದ ಮೇಲೆ ವಾಪಸ್ ಹಾಕುವ ಅಭ್ಯಾಸ ಬಹಳ ಜನಕ್ಕಿದೆ. ಅತಿಯಾಗಿ ಬಿಚ್ಚಿದರೆ ಎಂಜಿನ್ ಮಿಸ್ ಹೊಡೆದು, ಉರಿಯದ ಪೆಟ್ರೋಲ್ ಹಾಗೇ ಹೊರಬಂದು, ಹೈಡ್ರೋಕಾರ್ಬನ್ ಅಂಕಿ ಏರಿ ಅದರಲ್ಲಿ ಫೇಲ್ ಆಗುತ್ತದೆ. ಅದಕ್ಕಿಂತ ಆ ಯಂತ್ರವನ್ನು ನಮ್ಮ ಕೆಲಸಕ್ಕೆ ಬಳಸಿಕೊಳ್ಳಬಹುದಲ್ವಾ? ಗಾಡಿ ಓಡಿಸಿ ಬಿಸಿ ಮಾಡಿಕೊಂಡು, ಸಂಜೆ ಜನ ಕಮ್ಮಿ ಇರುವ ಹೊತ್ತಿಗೆ ಹೋಗಿ. ಸೈಲೆನ್ಸರ್‌ಗೆ ಪೈಪ್ ಹಾಕಿದ ಮೇಲೆ ಎರಡು ನಿಮಿಷ ಬಿಡಲು ಟೆಸ್ಟ್ ಮಾಡುವ ಹುಡುಗನನ್ನು ಕೇಳಿಕೊಂಡು, ಪರದೆ ನೋಡುತ್ತ ಸ್ಕ್ರೂ ತಿರುಗಿಸಿ. ಕಾರ್ಬನ್ ಮೊನಾಕ್ಸೈಡ್ 3ರ ಹತ್ತಿರ, ಸದ್ದು ಸಮ, ಹೈಡ್ರೋಕಾರ್ಬನ್ ಅತಿ ಕಮ್ಮಿ ಇರುವ ಜಾಗದಲ್ಲಿ ಬಿಟ್ಟುಬಿಡಿ. ಹುಡುಗನಿಗೆ ಟೀ ದುಡ್ಡು ಕೊಡಲು ಮರೆಯಬೇಡಿ. ಮನೆಗೆ ಬಂದು ಎಂಜಿನ್ ಆರಿದ ಮೇಲೆ ಸುತ್ತು ಎಣಿಸಿ, ತಾರೀಕು ಹಾಕಿ, ಆರ್‌ಸಿ ಕವರ್‌ನೊಳಗೆ ಒಂದು ಚೀಟಿ ಇಟ್ಟುಕೊಳ್ಳಿ.